ಜೋಳದ ಋಣವೂ ಕವಿಯ ಒಲವೂ

ಅಣ್ಣಿಗೇರಿ, ನವಲಗುಂದಗಳ ಎರೆಭೂಮಿ ಜೋಳದ ಸೀಮೆ. ಒಡೆಯನ ಅನ್ನ ಉಂಡವನು ಅವನಿಗಾಗಿ ಪ್ರಾಣ ಕೊಡಬೇಕೆಂಬ ಧರ್ಮವನ್ನು ಹಳಗನ್ನಡದಲ್ಲಿ ‘ಜೋಳದ ಪಾಳಿ’ ಎನ್ನುತ್ತಿದ್ದರು. ಈ ಸೀಮೆಯ ನಂಟಿದ್ದ ಆದಿಕವಿ ಪಂಪನ ಮಹಾಭಾರತದಲ್ಲಿ ಆ ಧರ್ಮವೇ ಕಥೆಯ ದಿಕ್ಕನ್ನು ಬದಲಿಸಿದೆ.

ತೆಲಂಗಾಣದ ಕುರ್ಕ್ಯಾಲದಲ್ಲಿ ಪಂಪನ ತಮ್ಮ ಜಿನವಲ್ಲಭ ಬರೆಸಿದ ಬಂಡೆಗಲ್ಲಿನ ಶಾಸನವಿದೆ. ಅವರ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳೆಂದು ತಿಳಿಯುವುದು ಅದರಿಂದಲೇ. ಪಂಪನಿಗೆ ಆಶ್ರಯ ಕೊಟ್ಟವನು ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿ. ಕವಿ ಕತ್ತಿ ಹಿಡಿದ ಕಲಿಯೂ ಹೌದು, ಅಗ್ರಹಾರ ಪಡೆದವನೂ ಹೌದು. ಅಂದರೆ ಜೋಳದ ಋಣ ಅವನ ತಲೆಯ ಮೇಲೂ ಇತ್ತು.

ಆ ಋಣವನ್ನು ಅವನು ‘ವಿಕ್ರಮಾರ್ಜುನ ವಿಜಯ’ದಲ್ಲಿ (ಕ್ರಿ.ಶ. 941) ತೀರಿಸಿದ. ಅರಿಕೇಸರಿಯನ್ನೇ ಅರ್ಜುನನೆಂದು ಭಾವಿಸಿ ಕಥೆಯನ್ನು ಹೊಂದಿಸಿಕೊಂಡ. ದ್ರೌಪದಿ ಇಲ್ಲಿ ಐವರ ಹೆಂಡತಿಯಲ್ಲ, ಅರ್ಜುನನೊಬ್ಬನ ಹೆಂಡತಿ. ಕೊನೆಗೆ ಪಟ್ಟವಾಗುವುದೂ ಅರ್ಜುನ, ಸುಭದ್ರೆಯರಿಗೇ. ನಾಯಕ ಯಾರೆಂಬ ಬಗ್ಗೆ ಅನುಮಾನಕ್ಕೆ ಎಡೆಯೇ ಇಲ್ಲ.

ಆದರೆ ಓದುಗನ ಮನಸ್ಸು ಹೋಗುವುದು ಬೇರೆ ಕಡೆಗೆ. ಯುದ್ಧಕ್ಕೆ ಮುನ್ನ ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ತಿಳಿಸಿ ಪಾಂಡವರ ಕಡೆಗೆ ಕರೆಯುತ್ತಾನೆ. ಕರ್ಣ ಒಪ್ಪುವುದಿಲ್ಲ. ಭಾನುಮತಿಯ ಪಗಡೆಯಾಟದಲ್ಲಿ ಹಾರ ಹರಿದು ಮುತ್ತು ಚೆಲ್ಲಾಡಿದಾಗ, ಶಂಕಿಸದೆ ‘ಆಯ್ದುಕೊಡಲೇ’ ಎಂದ ದುರ್ಯೋಧನನನ್ನು ನೆನೆಯುತ್ತಾನೆ. ಆಡಿದವರು ಯಾರೆಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಪದ್ಯದ ಹುರುಳಿನ ಬಗ್ಗೆ ಇಲ್ಲ. ಅಂಥ ನಂಬಿಕೆಯಿಟ್ಟವನನ್ನು ಬಿಟ್ಟು ಬಂದರೆ ತಾನು ಮನುಷ್ಯನೇ ಎಂಬುದು ಕರ್ಣನ ಪ್ರಶ್ನೆ. ಅವನು ಸತ್ತ ಮೇಲೆ ಕವಿಯೇ ಮುಂದೆ ಬಂದು, ಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎನ್ನುತ್ತಾನೆ. ಅರ್ಜುನನ ಹೆಸರು ಹೊತ್ತ ಕಾವ್ಯದಲ್ಲಿ ಇದೆಂಥ ಮಾತು!

ಕಥೆಗಾರ ಬೆರಳು ತೋರುವುದು ಒಂದೆಡೆಗೆ, ಕರೆದೊಯ್ಯುವುದು ಇನ್ನೊಂದೆಡೆಗೆ. ಈಚಿನ ಅದ್ಭುತ ಕಾದಂಬರಿ ಮಾಲೆಗಳಲ್ಲೂ ಈ ಜಾಣ್ಮೆಯಿದೆ. 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಬಂದ ‘ಹ್ಯಾರಿ ಪಾಟರ್’ನಲ್ಲಿ ಸ್ನೇಪ್ ಎಂಬ ಉಪಾಧ್ಯಾಯ ಯಾರ ಕಡೆಯವನೆಂಬುದು ಕೊನೆಯ ಸಂಪುಟದವರೆಗೂ ಗುಟ್ಟು. ಅಲ್ಲಿ ಮುಚ್ಚಿಟ್ಟದ್ದು ಪಾತ್ರದ ನಿಷ್ಠೆ. ಪಂಪನಲ್ಲಿ ಕರ್ಣನ ನಿಷ್ಠೆ ಬಟ್ಟಬಯಲು; ಮರೆಯಲ್ಲಿದ್ದು ಮೆಲ್ಲಗೆ ಹೊರಬರುವುದು ಕವಿಯ ಒಲವು.

ಸುಮಾರು ಐದು ಶತಮಾನಗಳ ಮೇಲೆ ಇದೇ ಜಿಲ್ಲೆಯ ಕೋಳಿವಾಡದ ಕುಮಾರವ್ಯಾಸ ಆ ಸನ್ನಿವೇಶವನ್ನು ಮತ್ತೆ ಹಾಡಿದ. ಅವನಿಗೆ ಅರಸನ ಹಂಗಿರಲಿಲ್ಲ. ಗದುಗಿನ ವೀರನಾರಾಯಣನೇ ಒಡೆಯ. ಆದರೂ ಆ ದೇವರ ನಡೆಯನ್ನು ಅವನು ಮರೆಮಾಡಲಿಲ್ಲ. ಅವನ ಕೃಷ್ಣ ಪ್ರೀತಿಯಿಂದ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಹೇಳುವ ನಿಜವೇ ಕರ್ಣನಿಗೆ ಆಯುಧವಾಗಿ ತಗಲುತ್ತದೆ. ಎದುರಾಳಿಗಳು ತಮ್ಮಂದಿರೆಂದು ತಿಳಿದವನ ಕೈ ಇನ್ನು ಮೊದಲಿನಂತೆ ಬಿಲ್ಲೆಳೆದೀತೇ? ಇದು ತನ್ನನ್ನು ಕೊಲ್ಲುವ ಬಗೆಯೆಂದು ಕರ್ಣನಿಗೂ ಗೊತ್ತಾಗುತ್ತದೆ. ಗೊತ್ತಾದರೂ ಕೌರವನನ್ನು ಬಿಡುವುದಿಲ್ಲ.

ಕರ್ಣ ನಿಂತ ಪಕ್ಷ ಸರಿಯೆಂದು ಇಬ್ಬರು ಕವಿಗಳೂ ಹೇಳಲಿಲ್ಲ. ದ್ರೌಪದಿಗಾದ ಅವಮಾನದಲ್ಲಿ ಅವನಿಗೂ ಪಾಲಿದೆ. ನಿಷ್ಠೆ ದೊಡ್ಡ ಗುಣವಾದರೂ ಅದು ತಪ್ಪನ್ನು ತೊಳೆಯಲಾರದು. ತಪ್ಪಿದ್ದರೂ ಆ ಗುಣ ಸಣ್ಣದಾಗದು. ಅರಿಕೇಸರಿಗೆ ಸಲ್ಲಬೇಕಾದ ಗೆಲುವನ್ನು ಪಂಪ ಪೂರ್ತಿಯಾಗಿ ಸಲ್ಲಿಸಿದ. ಕಣ್ಣೀರನ್ನು ಮಾತ್ರ ಕರ್ಣನಿಗೆ ಉಳಿಸಿದ.