ಕೋಳಿ ರೋಗಕ್ಕೆ ಬೇವು-ಅರಿಷಿಣ ಸಾಕೇ?



ಹಿತ್ತಿಲಲ್ಲಿ ಹತ್ತು ಕೋಳಿ ಇದ್ದರೆ ಅದು ಮನೆಯಾಕೆಯ ಕೈಗಂಟು. ಮಕ್ಕಳ ಪಾಟಿ-ಪುಸ್ತಕ, ಹಬ್ಬದ ಬೆಲ್ಲ-ಎಣ್ಣೆ ಅದರಿಂದಲೇ ಸಾಗುತ್ತವೆ. ಆ ಗಂಟನ್ನು ನಾಲ್ಕು ದಿನಗಳಲ್ಲಿ ಬರಿದು ಮಾಡುವುದು ಕೊಕ್ಕರೆ ರೋಗ. ನಮ್ಮ ದೇಶದಲ್ಲಿ ಇದನ್ನು 1927ರಲ್ಲಿ ಹಿಮಾಲಯದ ಸೀಮೆಯ ರಾಣಿಖೇತದಲ್ಲಿ ಗುರುತಿಸಿದ್ದರಿಂದ ರಾಣಿಖೇತ ರೋಗವೆಂದೂ ಕರೆಯುತ್ತಾರೆ. ಇದಕ್ಕೆ ಕಾರಣ ಕಣ್ಣಿಗೆ ಕಾಣದ ವೈರಸ್.

ರೋಗ ತಗುಲಿದ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಹಸಿರು ಬೆರೆತ ಬಿಳಿ ಹಿಕ್ಕೆ ನೀರಿನಂತೆ ಹೋಗುತ್ತದೆ. ಕಾಲು, ರೆಕ್ಕೆ ಸೋಲುತ್ತವೆ, ಕತ್ತು ತಿರುಚಿಕೊಳ್ಳುತ್ತದೆ.

"ಬೇವು, ಅರಿಷಿಣ, ತುಳಸಿ, ಬಳ್ಳೊಳ್ಳಿ ಅರೆದು ಕುಡಿಸಿದರೆ ಸಾಲದೇ?" ಎಂದು ನೀವು ಕೇಳಬಹುದು. ಸಾಲದು. ಈ ರೋಗವನ್ನು ಗುಣಪಡಿಸುವ ಸೊಪ್ಪೂ ಇಲ್ಲ, ಅಂಗಡಿಯ ಔಷಧವೂ ಇಲ್ಲ. ಹತ್ತರಲ್ಲಿ ಒಂದೆರಡು ಕೋಳಿ ತಮ್ಮ ಕಸುವಿನಿಂದಲೇ ಬದುಕಿದರೆ, ಹೆಸರು ಮಾತ್ರ ಮದ್ದಿಗೆ ಬರುತ್ತದೆ.

ಹಾಗೆಂದು ಮನೆಮದ್ದು ವ್ಯರ್ಥವಲ್ಲ. ಕೋಳಿ ಸಿಡುಬಿನಲ್ಲಿ ಜುಟ್ಟು, ಮುಖಗಳ ಮೇಲೆ ಗುಳ್ಳೆ ಎದ್ದಾಗ ಬೇವಿನ ತಪ್ಪಲ, ಅರಿಷಿಣ ಅರೆದು ಕುಸುಬಿ ಎಣ್ಣೆಯಲ್ಲಿ ಕಲಸಿ ಹಚ್ಚಿರಿ. ಕಣ್ಣೊಳಗೆ ಬೀಳದಂತೆ ನೋಡಿಕೊಳ್ಳಿರಿ. ಇದರಿಂದ ವೈರಸ್ ಸಾಯದು. ಆದರೆ ಗಾಯಕ್ಕೆ ನೊಣ ಕೂಡ್ರುವುದು, ಕೀವು ಆಗುವುದು ಕಡಿಮೆಯಾಗುತ್ತದೆ.

ಕೊಕ್ಕರೆ ರೋಗಕ್ಕೆ ಇರುವ ದಾರಿ, ರೋಗ ಬರುವ ಮೊದಲೇ ಲಸಿಕೆ. ಮರಿಗೆ 5ರಿಂದ 7ನೆಯ ದಿನ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ. 8 ವಾರಕ್ಕೆ ರೆಕ್ಕೆಯ ಚರ್ಮದ ಕೆಳಗೆ ಚುಚ್ಚುಮದ್ದು. ಆರೋಗ್ಯವಾಗಿರುವ ಕೋಳಿಗೆ ಮಾತ್ರ ಹಾಕಿಸಿರಿ. ಬೆಂಗಳೂರಿನ ಹೆಬ್ಬಾಳದಲ್ಲಿರುವ ನಮ್ಮ ರಾಜ್ಯದ ಸಂಸ್ಥೆಯೇ ಈ ಲಸಿಕೆ ತಯಾರಿಸುತ್ತದೆ. ಬಿಸಿಲು ತಗುಲಿದರೆ ಲಸಿಕೆ ಕೆಡುತ್ತದೆ. ಆದ್ದರಿಂದ ಬರ್ಫ ತುಂಬಿದ ಥರ್ಮಾಸಿನಲ್ಲಿಯೇ ತರಬೇಕು. ಒಂದು ಬಾಟಲಿ ನೂರಾರು ಕೋಳಿಗೆ ಆಗುತ್ತದೆ. ಒಡೆದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು, ಉಳಿಸಿಡಲು ಬಾರದು. ಆದುದರಿಂದ ಓಣಿಯವರೆಲ್ಲ ಕೂಡಿ ಒಂದೇ ದಿನ ಹಾಕಿಸುವುದು ಲೇಸು.

ಊರಿಗೆ ರೋಗ ಬಂದರೆ ಉಳಿದ ಕೋಳಿಗಳನ್ನು ಬುಟ್ಟಿಯಲ್ಲಿ ತುಂಬಿ ಸಂತೆಗೆ ಒಯ್ಯಬೇಡಿರಿ. ನಿಮಗೆ ನಾಲ್ಕು ದುಡ್ಡು ಬಂದೀತು, ಇನ್ನೊಂದು ಊರಿನ ತಾಯಿಯ ಗಂಟು ಹೋದೀತು. ಸತ್ತವನ್ನು ಹಳ್ಳಕ್ಕೆ ಎಸೆಯದೆ ಆಳವಾಗಿ ಹೂಳಿ ಸುಣ್ಣ ಹಾಕಿರಿ. ಒಮ್ಮೆಲೇ ಬಹಳ ಕೋಳಿ ಸತ್ತರೆ ಬರಿಗೈಯಿಂದ ಮುಟ್ಟದೆ, ಕೂಡಲೇ ದನದ ದವಾಖಾನೆಗೆ ತಿಳಿಸಿರಿ; ಅದು ಹಕ್ಕಿಜ್ವರವೂ ಇರಬಹುದು.

ಟಿಕೋಟಾ, ಬಬಲೇಶ್ವರ ಕಡೆಯ ಬಾಂಧವರೇ, ಮುಂದಿನ ಸಲ ಬೀಜಕ್ಕೋ ಬಟ್ಟೆಗೋ ವಿಜಯಪುರದ ಗಾಂಧಿ ಚೌಕಕ್ಕೆ ಬಂದಾಗ ಪಶು ಆಸ್ಪತ್ರೆಯಲ್ಲಿ ಲಸಿಕೆಯ ದಿನ ಕೇಳಿಕೊಂಡೇ ಊರಿಗೆ ಮರಳಿರಿ. ಬೇವು ಹಿತ್ತಿಲಲ್ಲಿ ಇದ್ದೇ ಇದೆ. ಲಸಿಕೆಯನ್ನು ಮಾತ್ರ ನಾವೇ ಹೋಗಿ ತರಬೇಕು.