ತಿಥಿಯುಳ್ಳ ಅತಿಥಿ

ತಿಥಿಯ ಕಟ್ಟಿಲ್ಲದೆ ಬರುವವನೇ ಅತಿಥಿ ಎಂದು ಹಿರಿಯರು ಆ ಶಬ್ದವನ್ನು ಬಿಡಿಸಿ ಹೇಳುತ್ತಿದ್ದರು. ಕಡಲಾಚೆ ನೆಲೆಸಿದ ಕನ್ನಡಿಗನಾದರೋ ಮರಳುವ ದಿನವನ್ನು ಮೊದಲೇ ಗೊತ್ತುಮಾಡಿಕೊಂಡು ತಾಯ್ನಾಡಿಗೆ ಬರುತ್ತಾನೆ.

ಪರದೇಶದ ಪೌರತ್ವ ಪಡೆದವನಿಗೆ ಭಾರತದ ಪೌರತ್ವ ತಪ್ಪುತ್ತದೆ. ಅಂಥವರಿಗಾಗಿ 2005ರಲ್ಲಿ 'ಸಾಗರೋತ್ತರ ಭಾರತೀಯ ನಾಗರಿಕ'ರೆಂಬ ನೋಂದಣಿ ಜಾರಿಗೆ ಬಂದಿತು. ಹಾಗೆ ನೋಂದಾಯಿತನಾದವನು ಮತ ಹಾಕುವಂತಿಲ್ಲ, ಬೇಸಾಯದ ಭೂಮಿಯನ್ನು ಕೊಳ್ಳುವಂತಿಲ್ಲ. ಆದರೆ ಪ್ರತಿ ಸಲವೂ ವೀಸಾ ಬೇಡದೆ ಬಂದು, ಬೇಕಾದಷ್ಟು ಕಾಲ ತಂಗಬಹುದು. ಕಾನೂನು ದಿನಗಳನ್ನು ಧಾರಾಳವಾಗಿಯೇ ಕೊಟ್ಟಿದೆ. ಅವನ್ನು ಎಣಿಸಿ ಕೊಡುವುದು ಉದ್ಯೋಗ.

ದೊರೆತ ಮೂರು ವಾರಗಳನ್ನು ಬೆಂಗಳೂರಿನ ಗೆಳೆಯರು, ಮೈಸೂರಿನ ಚಿಕ್ಕಪ್ಪ, ಮದುವೆ ಮುಂಜಿಗಳು ಹಂಚಿಕೊಳ್ಳುತ್ತವೆ. 'ಊರಿಗೆ ಬಂದೂ ನಮ್ಮ ಮನೆಗೆ ಬರಲಿಲ್ಲ' ಎಂಬ ಆಕ್ಷೇಪಕ್ಕೆ ಅಂಜಿ ಮನೆಮನೆಯಲ್ಲೂ ಕಾಫಿ ಕುಡಿಯುತ್ತ ಸುತ್ತಿದವನಿಗೆ, ತಾಯಿಯ ಬಳಿ ಸುಮ್ಮನೆ ಕೂರಲು ಒಂದು ಸಂಜೆಯೂ ಉಳಿಯುವುದಿಲ್ಲ.

ಹೊರಡುವವನು 'ಹೋಗುತ್ತೇನೆ' ಎನ್ನಬಾರದು, 'ಹೋಗಿ ಬರುತ್ತೇನೆ' ಎನ್ನಬೇಕೆಂಬುದು ನಮ್ಮ ರೂಢಿ. ಅದು ಮರಳುವ ವಾಗ್ದಾನ. ವಯಸ್ಸಾದ ತಾಯಿಗೆ ಹಾಗೆನ್ನುವಾಗ ಮಗನ ದನಿ ನಡುಗುವುದು ಅದಕ್ಕೇ. ಮುಂದಿನ ಸಲ ಬರುವುದು ಅವಳ ತಿಥಿಗೇ ಆದೀತೆಂಬುದನ್ನು ಬಲ್ಲವನು, ಈ ಸಲದ ಕೆಲವು ದಿನಗಳನ್ನಾದರೂ ಯಾರಿಗೂ ಗೊತ್ತುಮಾಡದೆ ಅವಳಿಗಾಗಿಯೇ ಉಳಿಸಿಕೊಳ್ಳುವುದು ಲೇಸು.