ಬಾಗುವ ತಗಡಿನ ಆಕಾರವನ್ನು ಅಳೆಯುವುದು ಹೇಗೆ?

ಕಬ್ಬಿಣದ ದಪ್ಪ ಗಟ್ಟಿಯೊಂದನ್ನು ಮೇಜಿನ ಮೇಲೆ ಹೇಗೆ ಇಟ್ಟರೂ ಅದರ ಆಕಾರ ಕಣ್ಣಿಗೆ ಕಾಣುವಷ್ಟು ಬದಲಾಗುವುದಿಲ್ಲ. ಆದರೆ ತೆಳುವಾದ ಉದ್ದನೆಯ ತಗಡನ್ನು ಒಂದು ತುದಿಯಲ್ಲಿ ಹಿಡಿದೆತ್ತಿದರೆ ಅದು ಬಾಳೆಯೆಲೆಯಂತೆ ಬಾಗಿ ಜೋಲುತ್ತದೆ. ನಡುವೆ ಹಿಡಿದರೆ ಬೇರೊಂದು ಆಕಾರವನ್ನು ತಾಳುತ್ತದೆ. ವಿಮಾನದ ಹೊರಹೊದಿಕೆ, ಕಾರಿನ ಬಾಗಿಲು ಮುಂತಾದುವುಗಳಲ್ಲಿ ಇಂತಹ ತಗಡುಗಳೇ ಹೆಚ್ಚು. ಹಾಗಾದರೆ ಇವುಗಳ ನಿಜವಾದ ಆಕಾರ ಯಾವುದು?

ಯಾವ ವಸ್ತುವನ್ನೂ ನಕ್ಷೆಯಲ್ಲಿರುವಂತೆಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತಯಾರಿಸಲು ಸಾಧ್ಯವಿಲ್ಲ. ಆದುದರಿಂದ ಎಂಜಿನಿಯರುಗಳು ‘ಟಾಲರೆನ್ಸ್’ ಎಂಬ ಮಿತಿಯನ್ನು ಗೊತ್ತುಮಾಡುತ್ತಾರೆ. ಮೇಲ್ಮೈಯ ಆಕಾರಕ್ಕೆ, ಅಂದರೆ ಪ್ರೊಫೈಲಿಗೆ, 1 ಮಿಲಿಮೀಟರ್ ಟಾಲರೆನ್ಸ್ ಇದೆ ಎನ್ನೋಣ. ಆಗ ಸಾಮಾನ್ಯವಾಗಿ ಆದರ್ಶ ಮೇಲ್ಮೈಯಿಂದ ಎರಡು ಪಕ್ಕಗಳಿಗೂ ಅರ್ಧ ಮಿಲಿಮೀಟರ್ ದೂರದಲ್ಲಿ ಒಂದೊಂದು ಎಲ್ಲೆಯನ್ನು ಕಲ್ಪಿಸಿಕೊಳ್ಳಬೇಕು. ವಸ್ತುವಿನ ಮೇಲ್ಮೈಯೆಲ್ಲವೂ ಈ ಎರಡು ಎಲ್ಲೆಗಳ ನಡುವೆಯೇ ಇರತಕ್ಕದ್ದು.

ಈಗ ಒಂದು ಲೆಕ್ಕವನ್ನು ನೋಡೋಣ. 1 ಮಿಲಿಮೀಟರ್ ದಪ್ಪ, 30 ಮಿಲಿಮೀಟರ್ ಅಗಲ, 500 ಮಿಲಿಮೀಟರ್ ಉದ್ದವಿರುವ ನೇರವಾದ ಉಕ್ಕಿನ ಪಟ್ಟಿಯನ್ನು ಎರಡು ತುದಿಗಳಲ್ಲಿ ಮಾತ್ರ ಆಧಾರವಿತ್ತು ಅಡ್ಡಲಾಗಿ ಇರಿಸಿದರೆ, ತನ್ನ ಭಾರದಿಂದಲೇ ಅದರ ನಡುಭಾಗ ಸುಮಾರು 3.6 ಮಿಲಿಮೀಟರ್ ಜಗ್ಗುತ್ತದೆ. ನಮಗಿರುವ ಮಿತಿ ಅರ್ಧ ಮಿಲಿಮೀಟರ್. ಜಗ್ಗುವಿಕೆ ಅದರ ಏಳರಷ್ಟು! ಪಟ್ಟಿಯ ಉದ್ದ ಇಮ್ಮಡಿಯಾದರೆ ಜಗ್ಗುವಿಕೆ 16 ಪಾಲಾಗುತ್ತದೆ. ದಪ್ಪ ಇಮ್ಮಡಿಯಾದರೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ.

ಇಷ್ಟೇ ಅಲ್ಲ. ಅಳೆಯುವ ಉಪಕರಣದ ಮೊನೆಯು ಪಟ್ಟಿಯ ನಡುವೆ 100 ಗ್ರಾಂ ತೂಕದಷ್ಟು ಒತ್ತಿದರೆ ಅದು ಇನ್ನೂ ಸುಮಾರು 5 ಮಿಲಿಮೀಟರ್ ಕೆಳಗಿಳಿಯುತ್ತದೆ. ಅಳೆಯುವ ಕ್ರಿಯೆಯೇ ಅಳತೆಯನ್ನು ಕೆಡಿಸಿದಂತಾಯಿತು. ಲೇಸರ್ ಕಿರಣದಿಂದ ಅಳೆಯುವ ಯಂತ್ರಗಳು ವಸ್ತುವನ್ನು ಮುಟ್ಟುವುದಿಲ್ಲವಾದ್ದರಿಂದ ಈ ದೋಷವನ್ನು ನಿವಾರಿಸುತ್ತವೆ. ಆದರೆ ಗುರುತ್ವಾಕರ್ಷಣೆಯನ್ನು ಯಾವ ಕಿರಣವೂ ನಿವಾರಿಸಲಾರದು.

ಆಧಾರಗಳನ್ನು ಎಲ್ಲಿ ಇಡಬೇಕೆಂಬುದು ಹಳೆಯ ಪ್ರಶ್ನೆ. 1835ರಿಂದ 1881ರ ವರೆಗೆ ಇಂಗ್ಲೆಂಡಿನ ರಾಜಖಗೋಳಜ್ಞನಾಗಿದ್ದ ಜಾರ್ಜ್ ಏರಿ ಇದನ್ನು ಗಣಿತದಿಂದ ಬಿಡಿಸಿದನು. ಏಕಪ್ರಕಾರವಾದ ಸರಳನ್ನು, ಅದರ ಉದ್ದದ 0.577ರಷ್ಟು ಅಂತರದಲ್ಲಿ ಸಮನಾಗಿ ಇಟ್ಟ ಎರಡು ಆಧಾರಗಳ ಮೇಲೆ ನಿಲ್ಲಿಸಿದರೆ, ನಡುವೆ ಬಾಗಿದರೂ ಅದರ ತುದಿಮುಖಗಳು ಒಂದಕ್ಕೊಂದು ಸಮಾಂತರವಾಗಿ ಉಳಿಯುತ್ತವೆ. ‘ಏರಿ ಬಿಂದುಗಳು’ ಎಂದು ಇವುಗಳಿಗೆ ಹೆಸರು.

ವಕ್ರವಾದ ತಗಡಿಗೆ ಇಷ್ಟು ಸರಳವಾದ ಸೂತ್ರವಿಲ್ಲ. ಅದು ಯಂತ್ರದಲ್ಲಿ ಹೇಗೆ ಕುಳಿತುಕೊಳ್ಳುವುದೋ ಹಾಗೆಯೇ ಒಂದು ಚೌಕಟ್ಟಿನಲ್ಲಿ ಕೂರಿಸಿ, ಗೊತ್ತಾದ ಸ್ಥಳಗಳಲ್ಲಿ ಕ್ಲಾಂಪುಗಳಿಂದ ಹಿಡಿದು ಅಳೆಯುತ್ತಾರೆ. ಇದು ಬಿಗಿದ ಸ್ಥಿತಿಯ ಅಳತೆ. ಬಿಗಿಯದೆ ಮಾಡುವುದು ಮುಕ್ತ ಸ್ಥಿತಿಯ ಅಳತೆ.

ಇಲ್ಲಿಯೇ ಅಪಾಯವೂ ಇದೆ. ಬೇಕಾದಷ್ಟು ಬಲದಿಂದ ಬಿಗಿದರೆ ಸೊಟ್ಟಗಿರುವ ತಗಡೂ ನೆಟ್ಟಗೆ ಕುಳಿತು ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ! ಅದನ್ನು ಹಾಗೆಯೇ ಎಳೆದು ರಿವೆಟ್ ಹೊಡೆದರೆ ಲೋಹದೊಳಗೆ ಸೆಳೆತ ಉಳಿಯುತ್ತದೆ. ವಿಮಾನದಲ್ಲಿ ಅದರೊಡನೆ ಕಂಪನವೂ ಸೇರಿದರೆ ಕಾಲಕ್ರಮದಲ್ಲಿ ಬಿರುಕು ಹುಟ್ಟಬಹುದು. ಇದಕ್ಕೆ ಪ್ರತಿಯಾಗಿ, ಜೋಡಿಸಿದಾಗ ಸರಿಹೋಗುವ ಒಳ್ಳೆಯ ತಗಡನ್ನು ಮುಕ್ತ ಸ್ಥಿತಿಯಲ್ಲಿ ಮಾತ್ರ ಅಳೆದು ವೃಥಾ ತಿರಸ್ಕರಿಸುವುದೂ ಉಂಟು.

ಆದುದರಿಂದ ಬಿಗಿಯುವ ಸ್ಥಳ, ಬಲ ಇವೆರಡನ್ನೂ ನಕ್ಷೆಯಲ್ಲಿಯೇ ನಮೂದಿಸಬೇಕು. ಇಂತಹ ವಸ್ತುಗಳಿಗಾಗಿಯೇ ಇರುವ ಐಎಸ್‌ಒ 10579 ಎಂಬ ಅಂತರರಾಷ್ಟ್ರೀಯ ಮಾನಕವು, ಮುಕ್ತ ಸ್ಥಿತಿಯ ಅಳತೆಗೆ ಗುರುತ್ವಾಕರ್ಷಣೆಯ ದಿಕ್ಕನ್ನೂ ಸೂಚಿಸಬೇಕೆಂದು ಹೇಳುತ್ತದೆ. ತೆಳುವಾದ ತಗಡಿಗೆ ಒಂದೇ ಆಕಾರವೆಂಬುದಿಲ್ಲ. ಅದನ್ನು ಹಿಡಿದ ಬಗೆಯನ್ನು ತಿಳಿಸದ ಅಳತೆ, ಎಷ್ಟೇ ಸೂಕ್ಷ್ಮವಾಗಿದ್ದರೂ, ಅರ್ಧ ಅಳತೆಯೇ ಸರಿ.